ಗಂಗಾವತಿಯ ರೈಸ್‌ಮಿಲ್ ಮೇಲ್ವಿಚಾರಕರ ನಾಯಕತ್ವ ತರಬೇತಿ: ಒಂದು ಹಾಳೆಗಾಗಿ ಹೋಗಬಹುದು

ರೈಸ್‌ಮಿಲ್‌ಗಳ ಹೆಡ್ ಮಿಸ್ತ್ರಿ ಮತ್ತು ಮೇಲ್ವಿಚಾರಕರಿಗೆಂದು ನಡೆಯುವ ಎರಡು ದಿನದ ತರಬೇತಿ ಇದು. ನೀವು ಬಿಟ್ಟುಹೋದ ಮೇಲೂ ನಿಮ್ಮ ಕೆಲಸ ನಿಲ್ಲದೆ ನಡೆಯಬೇಕು ಎನ್ನುವುದು ಅದರ ಘೋಷಣೆ. ಮೊದಲ ದಿನ ಬರೀ ಭಾಷಣ, ಪರದೆಯ ಮೇಲೆ ಹೊರದೇಶದ ಕಂಪನಿಗಳ ಕಥೆ. ತಪ್ಪಿಸಿಕೊಂಡರೂ ನಷ್ಟವಿಲ್ಲ.

ಸರಕು ಇರುವುದು ಎರಡನೇ ದಿನ ಕೈಗೆ ಕೊಡುವ ಒಂದು ಹಾಳೆಯಲ್ಲಿ. ನಾಲ್ಕು ಕಲಂ: ಯಂತ್ರ, ದಿನಾ ನೋಡಬೇಕಾದ್ದು, ಕೆಟ್ಟರೆ ಮೊದಲು ಮಾಡಬೇಕಾದ್ದು, ಆ ಕೆಲಸ ಬರುವವರ ಹೆಸರು. ಕೊನೆಯ ಕಲಂನಲ್ಲಿ ಒಂದೇ ಹೆಸರಿದ್ದರೆ ಆ ಸಾಲಿಗೆ ಕೆಂಪು ಗೆರೆ. ಮಾದರಿಗೆ ಶೆಲ್ಲರ್‌ನ (ಭತ್ತದ ಹೊಟ್ಟು ಬಿಡಿಸುವ ಯಂತ್ರ) ಸಾಲು ತುಂಬಿಸಿದ್ದಾರೆ, ಚೊಕ್ಕವಾಗಿದೆ. ಎರಡು ರಬ್ಬರ್ ರೋಲ್ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಜೋರಾಗಿ ತಿರುಗುವುದು ಬೇಗ ಸವೆಯುತ್ತದೆ. ಅದು ಇನ್ನೊಂದಕ್ಕಿಂತ ಸಣ್ಣದಾದರೆ ಮೇಲ್ಮೈಯ ವೇಗದ ಅಂತರ ತಗ್ಗಿ ಹೊಟ್ಟು ಬಿಡುವುದಿಲ್ಲ. ಆಗ ರೋಲ್‌ಗಳನ್ನು ಅದಲುಬದಲು ಮಾಡಬೇಕು. ಗೊತ್ತಿಲ್ಲದವರು ಇನ್ನಷ್ಟು ಬಿಗಿ ಮಾಡುತ್ತಾರೆ. ನುಚ್ಚು ಏರುತ್ತದೆ, ರಬ್ಬರೂ ಹಾಳು. ಭತ್ತದ ತೇವ ಶೇ. 13-14ರ ಆಸುಪಾಸು ಇದೆಯೇ ನೋಡಿ ಎಂಬುದನ್ನು ಹಾಳೆಯಲ್ಲಿ ಬರೆದಿಲ್ಲ. ಅದನ್ನು ನೀವೇ ಸೇರಿಸಿಕೊಳ್ಳಿ.

ಕಲಿಸುವ ಕ್ರಮವೂ ಸರಿಯಿದೆ. ಮೊದಲ ವಾರ ಕಿರಿಯ ಪಕ್ಕದಲ್ಲಿ ನಿಂತು ನೋಡುವುದು. ಎರಡನೇ ವಾರ ಸ್ಪ್ಯಾನರ್ ಅವನ ಕೈಗೆ; ಹಿರಿಯ ಬಾಯಿ ಬಿಡಬಹುದು, ಕೈ ಹಾಕಬಾರದು. ಮೂರನೇ ವಾರ ಹಿರಿಯನಿಗೆ ಮೂರು ದಿನ ರಜೆ, ಫೋನ್ ಬಂದ್. ಅಷ್ಟರಲ್ಲಿ ಮಿಲ್ ಎಲ್ಲೆಲ್ಲಿ ನಿಂತಿತೋ ಅದೇ ಮುಂದಿನ ಪಾಠ. ಬಹಳ ಕಡೆ ಕೆಡುವುದು ಈ ಮೂರನೇ ವಾರವೇ: ರಜೆಯಲ್ಲಿದ್ದವನಿಗೆ ಮಾಲೀಕರೇ ಫೋನ್ ಮಾಡಿಬಿಡುತ್ತಾರೆ.

ತರಬೇತಿಯಲ್ಲಿ ಮುಟ್ಟದೇ ಬಿಟ್ಟ ವಿಷಯ ದುಡ್ಡು. 'ಎಲ್ಲಾ ಕಲಿಸಿಬಿಟ್ರ ನಾಳೆ ಸಾವ್ಕಾರ್ರು ನನ್ನ ಯಾಕ ಇಟ್ಕೊಂತಾರ?' ಎಂಬ ಅಂಜಿಕೆ ಇರುವವರೆಗೆ ನಾಲ್ಕನೇ ಕಲಂ ತುಂಬುವುದಿಲ್ಲ. ತಯಾರಾದ ಒಬ್ಬೊಬ್ಬ ಕಿರಿಯನ ಲೆಕ್ಕಕ್ಕೆ ಹಿರಿಯನಿಗೆ ಇಷ್ಟು ದುಡ್ಡು ಎಂದು ಮೊದಲೇ ಗೊತ್ತು ಮಾಡಬೇಕು, ಆ ಮೂರು ದಿನದ ರಜೆ ಮುಗಿದ ಮೇಲೆ ಕೊಡಬೇಕು.

ಹೊರದೇಶದ ಕಥೆ ಯಾಕೆ ಬೇಕಿತ್ತೋ. ಪಕ್ಕದಲ್ಲೇ ತುಂಗಭದ್ರಾ ಅಣೆಕಟ್ಟೆಯಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ನಿವೃತ್ತರಾಗಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನೇ ಕರೆಸಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ನೀರು ತಡೆಯುವ ತಾತ್ಕಾಲಿಕ ತಡೆ) ಇಳಿಸಿದರು. ನಾಲ್ಕನೇ ಕಲಂ ಅಂದರೇನು ಎಂದು ವಿವರಿಸಲು ಈ ಭಾಗದ ಮಂದಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸುಗ್ಗಿಯ ನವೆಂಬರ್, ಡಿಸೆಂಬರ್ ಬ್ಯಾಚಿಗೆ ಸೇರಬೇಡಿ. ಮಿಲ್ ಹಗಲೂ ರಾತ್ರಿ ಓಡುವಾಗ ಮಿಸ್ತ್ರಿಯ ಮೈ ಮಾತ್ರ ತರಬೇತಿಯಲ್ಲಿರುತ್ತದೆ. ಒಬ್ಬರನ್ನೇ ಕಳಿಸುವುದೂ ದಂಡ. ಹೆಡ್ ಮಿಸ್ತ್ರಿ, ಅವರ ಕೈಕೆಳಗಿನವ, ಎರಡನೇ ದಿನಕ್ಕಾದರೂ ಮಾಲೀಕರು, ಮೂವರೂ ಹೋಗಬೇಕು.