ಎಂಮ್ಯಾಪ್ ರ‍್ಯಾಪರ್‌ಗೆ ಮೂರು ದಾರಿ: ಪ್ರತ್ಯೇಕ ಅಸೆಂಬ್ಲಿ ಫೈಲ್, ಇನ್‌ಲೈನ್ ಅಸೆಂಬ್ಲಿ, ಲಿಬ್‌ಸಿಯ ಸಿಸ್ಕಾಲ್

ಫೈಲನ್ನೋ ಹೊಸ ಮೆಮೊರಿಯನ್ನೋ ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸಿಕೊಡುವ ಲಿನಕ್ಸ್‌ನ ಸಿಸ್ಟಂ ಕಾಲ್ (ಕರ್ನಲ್‌ಗೆ ಮಾಡುವ ಕರೆ) ಎಂಮ್ಯಾಪ್. ಅದನ್ನು ಕರೆಯಲು ಸ್ವಂತ ಪುಟ್ಟ ಫಂಕ್ಷನ್, ಅಂದರೆ ರ‍್ಯಾಪರ್ ಬೇಕೆಂದರೆ ಇರುವುದು ಮುಖ್ಯವಾಗಿ ಮೂರು ದಾರಿ: ಪ್ರತ್ಯೇಕ ಅಸೆಂಬ್ಲಿ ಫೈಲ್, ಸಿ ಕೋಡಿನೊಳಗೇ ಬರೆಯುವ ಇನ್‌ಲೈನ್ ಅಸೆಂಬ್ಲಿ, ಲಿಬ್‌ಸಿಯ (ಸಿ ಭಾಷೆಯ ಮೂಲ ಲೈಬ್ರರಿ) ಸಿಸ್ಕಾಲ್ ಫಂಕ್ಷನ್. ಎಕ್ಸ್86-64ರಲ್ಲಿ (64 ಬಿಟ್‌ನ ಇಂಟೆಲ್, ಎಎಮ್‌ಡಿ ಪ್ರೊಸೆಸರ್) ಮೂರಕ್ಕೂ ಒಂದೇ ಪರೀಕ್ಷೆ ಕೊಟ್ಟೆವು: 8192 ಬೈಟ್‌ನ ಅನಾನಿಮಸ್ (ಫೈಲ್ ಇಲ್ಲದ) ಮ್ಯಾಪಿಂಗ್, ಒಂದು ಫೈಲನ್ನು ಆಫ್‌ಸೆಟ್ 4096ರಿಂದ ಮ್ಯಾಪ್ ಮಾಡುವುದು, ಉದ್ದ 0, 4096ರ ಗುಣಕವಲ್ಲದ ಆಫ್‌ಸೆಟ್ 100. ಕೊನೆಯ ಎರಡಕ್ಕೆ ಎರ್ನೋದಲ್ಲಿ (ಲಿಬ್‌ಸಿ ಎರರ್ ಸಂಖ್ಯೆ ಇಡುವ ಜಾಗ) 22, ಅಂದರೆ "ತಪ್ಪು ಆರ್ಗ್ಯುಮೆಂಟ್", ಬರಲೇಬೇಕು. ಬರೀ ಅನಾನಿಮಸ್ ಮ್ಯಾಪಿಂಗ್ ನೋಡಿ ಬಿಟ್ಟರೆ ಐದು, ಆರನೇ ಆರ್ಗ್ಯುಮೆಂಟ್ (ಫೈಲ್ ಡಿಸ್ಕ್ರಿಪ್ಟರ್, ಆಫ್‌ಸೆಟ್) ಸರಿಯಾಗಿ ಹೋಗುತ್ತಿದೆಯೇ ಎಂಬುದು ಗೊತ್ತೇ ಆಗುವುದಿಲ್ಲ.

ನಮ್ಮ ಆಯ್ಕೆ ಪ್ರತ್ಯೇಕ ಫೈಲ್. ಯಶಸ್ವಿಯಾದಾಗ ಓಡುವುದು ಆರೇ ಇನ್‌ಸ್ಟ್ರಕ್ಷನ್: ಆರ್‌ಸಿಎಕ್ಸ್ ರಿಜಿಸ್ಟರನ್ನು ಆರ್10ಕ್ಕೆ ನಕಲಿಸು, ಇಎಎಕ್ಸ್‌ಗೆ ಎಂಮ್ಯಾಪ್‌ನ ಸಂಖ್ಯೆ 9 ಹಾಕು, ಸಿಸ್ಕಾಲ್, ಆರ್‌ಎಎಕ್ಸ್ ಅನ್ನು -4095ರ ಜೊತೆ ಹೋಲಿಸು, ಅಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಎರರ್ ಭಾಗಕ್ಕೆ ಜಿಗಿ, ಇಲ್ಲದಿದ್ದರೆ ರಿಟರ್ನ್. ಮೊದಲ ಸಾಲೇ ಎಲ್ಲದರ ಜೀವ. ಫಂಕ್ಷನ್ ಕರೆಯುವಾಗ ನಾಲ್ಕನೇ ಆರ್ಗ್ಯುಮೆಂಟ್ ಆರ್‌ಸಿಎಕ್ಸ್‌ನಲ್ಲಿ ಬರುತ್ತದೆ. ಆದರೆ ಸಿಸ್ಕಾಲ್ ಇನ್‌ಸ್ಟ್ರಕ್ಷನ್ ಹಿಂದಿರುಗಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ ಫ್ಲ್ಯಾಗ್‌ಗಳನ್ನು ಆರ್11ರಲ್ಲೂ ಬರೆದುಬಿಡುವುದರಿಂದ ಕರ್ನಲ್ ನಾಲ್ಕನೆಯದನ್ನು ಆರ್10ರಲ್ಲಿ ಹುಡುಕುತ್ತದೆ. ಈ ನಕಲು ಬಿಟ್ಟುಹೋದರೆ ಆರ್10ರಲ್ಲಿ ಉಳಿದ ಕಸವೇ ಮ್ಯಾಪ್ ಫ್ಲ್ಯಾಗ್ ಆಗುತ್ತದೆ. ಪುಣ್ಯವಿದ್ದರೆ 22 ಬಂದು ನಿಲ್ಲುತ್ತದೆ. ಆ ಕಸದಲ್ಲಿ ಮ್ಯಾಪ್-ಫಿಕ್ಸ್ಡ್ (ಕೊಟ್ಟ ವಿಳಾಸದಲ್ಲೇ ಮ್ಯಾಪ್ ಮಾಡು ಎನ್ನುವ) ಬಿಟ್ ಇದ್ದರೆ ಬಳಕೆಯಲ್ಲಿರುವ ಮೆಮೊರಿಯ ಮೇಲೇ ಹೊಸ ಮ್ಯಾಪಿಂಗ್ ಕೂರಬಹುದು. ಎಸ್‌ಟ್ರೇಸ್ (ಸಿಸ್ಟಂ ಕಾಲ್‌ಗಳನ್ನು ತೋರಿಸುವ ಉಪಕರಣ) ಹಾಕಿ ನಾಲ್ಕನೇ ಆರ್ಗ್ಯುಮೆಂಟ್ ಓದಿದರೆ ತಪ್ಪು ತಕ್ಷಣ ಕಾಣುತ್ತದೆ.

ಎರರ್ ಹೋಲಿಕೆ ಅನ್‌ಸೈನ್ಡ್ (ಋಣಚಿಹ್ನೆ ಲೆಕ್ಕಿಸದ) ಆಗಿರಬೇಕು. ಕರ್ನಲ್ -1ರಿಂದ -4095ರವರೆಗಿನ ಸಂಖ್ಯೆಗಳನ್ನು ಮಾತ್ರ ಎರರ್‌ಗೆ ಇಟ್ಟುಕೊಂಡಿದೆ. "ಋಣವಾಗಿದ್ದರೆ ಎರರ್" ಎಂಬ ಸುಲಭದ ಪರೀಕ್ಷೆ 64 ಬಿಟ್‌ನಲ್ಲಿ ನಡೆದುಹೋಗುತ್ತದೆ, ಏಕೆಂದರೆ ಯೂಸರ್ ವಿಳಾಸಗಳ ಮೇಲಿನ ಬಿಟ್ ಸೊನ್ನೆ. ಅದೇ ಕೋಡನ್ನು 32 ಬಿಟ್‌ಗೆ ಒಯ್ದರೆ 2 ಜಿಬಿಗಿಂತ ಮೇಲಿನ ಸರಿಯಾದ ವಿಳಾಸವೂ ಎರರ್ ಎನಿಸಿಕೊಳ್ಳುತ್ತದೆ. ಅಲ್ಲಿ ಮ್ಯಾಪಿಂಗ್‌ಗಳು ಸಾಮಾನ್ಯವಾಗಿ ಸಿಗುವುದೇ ಆ ಎತ್ತರದಲ್ಲಿ.

ಎರರ್ ಭಾಗದಲ್ಲಿ ಇಎಎಕ್ಸ್‌ನ ಚಿಹ್ನೆ ಬದಲಿಸಿ, ಆರ್‌ಎಎಕ್ಸ್ ಪುಷ್ ಮಾಡಿ, ಎರ್ನೋದ ವಿಳಾಸ ಕೊಡುವ ಲಿಬ್‌ಸಿ ಫಂಕ್ಷನ್ ಕರೆದು, ಪಾಪ್ ಮಾಡಿದ ಸಂಖ್ಯೆಯನ್ನು ಅಲ್ಲಿ ಬರೆದು, -1 ಹಿಂದಿರುಗಿಸಬೇಕು. ಆ ಒಂದು ಪುಷ್ ಎರಡು ಕೆಲಸ ಮಾಡುತ್ತದೆ: ಸಂಖ್ಯೆಯನ್ನೂ ಉಳಿಸುತ್ತದೆ, ಸ್ಟ್ಯಾಕನ್ನು 16 ಬೈಟ್‌ಗೂ ಹೊಂದಿಸುತ್ತದೆ. ಫೈಲಿನ ಕೊನೆಗೆ ಜಿಎನ್‌ಯು-ಸ್ಟ್ಯಾಕ್ ನೋಟ್ ಸೆಕ್ಷನ್ ಸೇರಿಸುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ಇಡೀ ಪ್ರೋಗ್ರಾಂನ ಸ್ಟ್ಯಾಕ್ ಎಕ್ಸಿಕ್ಯೂಟಬಲ್ ಆಗಿಬಿಡಬಹುದು. ಇನ್ನೊಂದು ಮಾತು: ಫಂಕ್ಷನ್‌ಗೆ ಎಂಮ್ಯಾಪ್ ಎಂದೇ ಹೆಸರಿಟ್ಟರೆ ಬೇರೆ ಲೈಬ್ರರಿಗಳ ಕರೆಗಳೂ ನಿಮ್ಮ ಕೋಡಿಗೇ ಬರಬಹುದು. ಬೇರೆ ಹೆಸರಿಡಿ.

ಇನ್‌ಲೈನ್ ಅಸೆಂಬ್ಲಿ ನೋಡಲು ಚಿಕ್ಕದು, ಅಪಾಯ ದೊಡ್ಡದು. ಜಿಸಿಸಿಯಲ್ಲಿ ಆರ್10, ಆರ್8, ಆರ್9ಕ್ಕೆ ನೇರ ಕನ್‌ಸ್ಟ್ರೇಂಟ್ ಅಕ್ಷರವಿಲ್ಲದ ಕಾರಣ ರಿಜಿಸ್ಟರ್ ವೇರಿಯಬಲ್‌ಗಳನ್ನು ಘೋಷಿಸುವುದು ರೂಢಿ. ಅವುಗಳಿಗೆ ಬೆಲೆ ಕೊಟ್ಟ ಮೇಲೆ, ಅಸೆಂಬ್ಲಿ ಸಾಲಿಗೆ ಮೊದಲು, ನಡುವೆ ಯಾವುದಾದರೂ ಫಂಕ್ಷನ್ ಕರೆದರೆ ಆ ಬೆಲೆ ಅಳಿಸಿಹೋಗಬಹುದು. ಆದ್ದರಿಂದ ಎಲ್ಲ ಲೆಕ್ಕವನ್ನೂ ಮೊದಲೇ ಸಾಮಾನ್ಯ ವೇರಿಯಬಲ್‌ಗಳಲ್ಲಿ ಮುಗಿಸಿಡಿ. ಕ್ಲಾಬರ್ ಪಟ್ಟಿಯಲ್ಲಿ (ಅಸೆಂಬ್ಲಿ ಏನನ್ನು ಬದಲಿಸುತ್ತದೆ ಎಂದು ಕಂಪೈಲರ್‌ಗೆ ಹೇಳುವ ಪಟ್ಟಿ) ಆರ್‌ಸಿಎಕ್ಸ್, ಆರ್11, ಮೆಮೊರಿ ಮೂರೂ ಬೇಕು. ಮೆಮೊರಿ ಬಿಟ್ಟ ಕೋಡ್ ಆಪ್ಟಿಮೈಸೇಶನ್ ಇಲ್ಲದೆ ಚೆನ್ನಾಗಿಯೇ ಓಡಬಹುದು. ಓ2 ಎಂಬ ಆಪ್ಟಿಮೈಸೇಶನ್ ಮಟ್ಟ ಕೊಟ್ಟಾಗ ಮ್ಯಾಪಿಂಗ್‌ಗೆ ಬರೆಯುವ ಸಾಲನ್ನು ಕಂಪೈಲರ್ ಮ್ಯಾಪಿಂಗ್ ತೆಗೆಯುವ ಎಂಅನ್‌ಮ್ಯಾಪ್‌ನ ಆಚೆಗೆ ತಳ್ಳಬಹುದು, ಆಗ ಸೆಗ್‌ಫಾಲ್ಟ್. ಕಾಲ್ ಉಳಿತಾಯವೇ ಕಾರಣವೆಂದು ಇದನ್ನು ಆರಿಸಬೇಡಿ. ಕರ್ನಲ್‌ಗೆ ಹೋಗಿಬರುವ ಖರ್ಚು, ಆಮೇಲಿನ ಪೇಜ್ ಫಾಲ್ಟ್‌ಗಳ ಖರ್ಚಿನ ಮುಂದೆ ಒಂದು ಫಂಕ್ಷನ್ ಕಾಲ್ ಏನೂ ಅಲ್ಲ. ಲಿಬ್‌ಸಿ ಇಲ್ಲದ, ಒಂದೇ ಸಿ ಫೈಲಿನ ಪ್ರೋಗ್ರಾಂಗೆ ಮಾತ್ರ ಇದು ಹೊಂದುತ್ತದೆ.

ಲಿಬ್‌ಸಿಯ ಸಿಸ್ಕಾಲ್ ಫಂಕ್ಷನ್ ಫ್ಲ್ಯಾಗ್‌ಗಳನ್ನು ಪ್ರಯೋಗಿಸಿ ನೋಡಲು ಸಾಕು. ಎರ್ನೋ ಕೆಲಸವನ್ನೂ ಅದೇ ಮಾಡುತ್ತದೆ. ಅಲ್ಲಿ ಒಂದೇ ಒಂದು ಮುಳ್ಳಿದೆ. ಸಿಸ್ಕಾಲ್ ಸಂಖ್ಯೆಯೂ ಸೇರಿ ಆರ್ಗ್ಯುಮೆಂಟ್ ಏಳಾಗುವುದರಿಂದ ಆಫ್‌ಸೆಟ್ ಸ್ಟ್ಯಾಕ್ ಮೇಲೆ ಹೋಗುತ್ತದೆ. ಬರೀ 0 ಬರೆದರೆ ಅದು 32 ಬಿಟ್ ಇಂಟ್. ಮೇಲಿನ 32 ಬಿಟ್‌ನಲ್ಲಿ ಏನಿರುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ಸೊನ್ನೆಯನ್ನು ಲಾಂಗ್ ಎಂದೇ ಬರೆಯಿರಿ.

32 ಬಿಟ್‌ಗೂ ಬೇಕಾದರೆ ಸಂಖ್ಯೆ 90ರ ಹಳೆಯ ಎಂಮ್ಯಾಪ್ ಬೇಡ; ಅದಕ್ಕೆ ಆರು ಬೆಲೆಗಳ ಸ್ಟ್ರಕ್ಟ್‌ನ ಪಾಯಿಂಟರ್ ಕೊಡಬೇಕು. 192ರ ಎಂಮ್ಯಾಪ್2 ಬಳಸಿ, ಆಫ್‌ಸೆಟ್ ಅನ್ನು 4096ರಿಂದ ಭಾಗಿಸಿ ಕೊಡಿ. ಆರನೇ ಆರ್ಗ್ಯುಮೆಂಟ್ ಇಬಿಪಿಯಲ್ಲಿ ಹೋಗಬೇಕಾದ್ದರಿಂದ ಇನ್‌ಲೈನ್ ಇಲ್ಲಿ ನಿಜಕ್ಕೂ ತಲೆನೋವು. ಪ್ರತ್ಯೇಕ ಫೈಲಿನಲ್ಲಾದರೆ ಇಬಿಎಕ್ಸ್, ಇಎಸ್‌ಐ, ಇಡಿಐ, ಇಬಿಪಿ ನಾಲ್ಕನ್ನೂ ಪುಷ್ ಮಾಡಿ, ಮೊದಲ ಆರ್ಗ್ಯುಮೆಂಟನ್ನು ಇಎಸ್‌ಪಿಯಿಂದ 20 ಬೈಟ್ ಆಚೆ ಓದಿಕೊಂಡರಾಯಿತು. ಆರ್ಮ್‌ನ 64 ಬಿಟ್‌ನಲ್ಲಿ ಈ ಗೋಜೇ ಇಲ್ಲ: ಎಕ್ಸ್8ಕ್ಕೆ 222 ಹಾಕಿ ಎಸ್‌ವಿಸಿ ಕರೆದರೆ ಆರೂ ಆರ್ಗ್ಯುಮೆಂಟ್ ಇದ್ದಲ್ಲೇ ಸರಿಯಾಗಿರುತ್ತವೆ.