ಕೋಲು, ಬಿಸ್ಕತ್ತು, ಛತ್ರಿ: ವಾಕಿಂಗಿಗೆ ಯಾವುದು ಸರಿ?

ಬೆಂಗಳೂರಿನ ಬನಶಂಕರಿ 3ನೇ ಹಂತದಲ್ಲಿ ನಾಯಿ ಸಾಕಿದವರಿಗೆ ಬೆಳಗಿನ ವಾಕಿಂಗ್ ಅಂದರೆ ಕ್ರಾಸಿಗೊಂದು ಗಡಿ ದಾಟುವ ಕೆಲಸ. ಪ್ರತಿ ಗಡಿಗೂ ಮೂರ್ನಾಲ್ಕು ನಾಯಿಗಳ ಕಾವಲು. ಬೀದಿ ನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅಂತ 2023ರ ನಿಯಮ ಹೇಳುತ್ತೆ. ಅಂದರೆ ದಿನಾ ಅವೇ ಮುಖಗಳು. ನಮ್ಮ ಕೈಯಲ್ಲಿ ಏನಿರಬೇಕು ಅನ್ನೋದಷ್ಟೇ ಪ್ರಶ್ನೆ.

ನಮ್ಮ ನಾಯಿ ಚುಕ್ಕಿಯನ್ನು ಕರೆದುಕೊಂಡು ಒಂದೊಂದನ್ನೂ ನೋಡಿದ್ದೇನೆ. ನನ್ನ ಅಳತೆ ಒಂದೇ. ಎದುರಿನ ನಾಯಿ ನಿಂತರೆ ಸಾಲದು, ಚುಕ್ಕಿಯೂ ತಣ್ಣಗಿರಬೇಕು. ಬೆಲ್ಟ್ ಬಿಗಿಯಾಗಿ ಅವಳೂ ಗುರ್ ಅಂದಳೋ, ಜಗಳ ಶುರುವಾದ ಹಾಗೇ.

ಕೋಲಿನ ಪರಿಚಯ ಬೀದಿ ನಾಯಿಗಳಿಗೆ ಚೆನ್ನಾಗಿದೆ. ಒಂಟಿ ನಾಯಿ ಆದರೆ ಕಂಡ ಕೂಡಲೇ ಸರಿಯುತ್ತೆ. ಗುಂಪಾದರೆ ಬೇರೆ ಕಥೆ. ಮುಂದಿನದನ್ನು ಗದರಿಸುವಷ್ಟರಲ್ಲಿ ಇನ್ನೊಂದು ನಿಂತ ಕಾರಿನ ಕೆಳಗಿಂದ ನುಸುಳಿ ನಿಮ್ಮ ನಾಯಿಯ ಹಿಂಗಾಲಿಗೆ ಬರುತ್ತೆ. ಅದಕ್ಕಿಂತ ದೊಡ್ಡ ತೊಂದರೆ, ಚುಕ್ಕಿಯೂ ಬೀದಿಯಲ್ಲಿ ಹುಟ್ಟಿದವಳೇ. ಕೋಲು ಎತ್ತಿದರೆ ಮೊದಲು ನಡುಗುವವಳು ಅವಳು. ಕಲ್ಲು ಎತ್ತಿದ ಹಾಗೆ ಬಗ್ಗುವ ಉಪಾಯ ಒಂದು ಸಲ ನಡೆಯುತ್ತೆ. ಕೈ ಖಾಲಿ ಅಂತ ಅವಕ್ಕೆ ಬೇಗ ಗೊತ್ತಾಗುತ್ತೆ.

ಬಿಸ್ಕತ್ತು ನಮ್ಮ ಕ್ರಾಸಿನ ನಾಯಿಗಳಿಗೆ ಸರಿ. ಅದೂ ಚುಕ್ಕಿ ಜೊತೆಗಿಲ್ಲದಾಗ, ಹಾಲು ತರೋಕೆ ಹೋಗುವಾಗ ಎರಡು ಹಾಕಿದರೆ ಪರಿಚಯ ಬೆಳೆಯುತ್ತೆ. ಆಮೇಲೆ ಅವು ಬೊಗಳೋದೂ ಶಾಸ್ತ್ರಕ್ಕೆ. ಆದರೆ ಪಕ್ಕದ ಕ್ರಾಸಿನಲ್ಲಿ ಪಾರ್ಲೆ-ಜಿ ಎಸೆದು ನೋಡಿ, ಎರಡು ನಾಯಿ ಇದ್ದ ಕಡೆ ನಾಲ್ಕಾಗುತ್ತವೆ. ಒಂದು ತುಂಡಿಗೆ ಅವುಗಳಲ್ಲೇ ಕಚ್ಚಾಟ, ಮಧ್ಯೆ ನಾವು.

ನಾಯಿ ಓಡಿಸೋಕೆ ಅಂತ ಸಿಗುವ, ಗುಂಡಿ ಒತ್ತಿದರೆ ಸದ್ದು ಮಾಡುವ ಯಂತ್ರ ಸುಮ್ನೆ ದುಡ್ಡು ದಂಡ. ಮನುಷ್ಯರಿಗೆ ಸುಮಾರು 20 ಕಿಲೋಹರ್ಟ್ಸ್ ತನಕ ಕೇಳಿಸಿದರೆ ನಾಯಿಗೆ 45ರ ಹತ್ತಿರದ ತನಕ ಕೇಳಿಸುತ್ತೆ. ಆ ಸದ್ದು ನಮಗೆ ಕೇಳಲ್ಲ ಸರಿ, ಆದರೆ ಯಂತ್ರಕ್ಕೆ ಎಲ್ಲರಿಗಿಂತ ಹತ್ತಿರ ಇರೋದು ನಮ್ಮ ನಾಯಿಯ ಕಿವಿಯೇ ಅಲ್ವಾ?

ಗೆದ್ದಿದ್ದು ಛತ್ರಿ. ಬಟನ್ ಒತ್ತಿದರೆ ಫಟ್ ಅಂತ ಬಿಚ್ಚಿಕೊಳ್ಳುವಂಥದ್ದು. ಖಾಲಿ ಸೈಟಿನ ಮೂಲೆಯಲ್ಲಿ ಆಪರೇಷನ್ ಆದ ಗುರುತಿಗೆ ಕಿವಿ ತುದಿ ಕತ್ತರಿಸಿದ ಒಂದು ಕಂದು ನಾಯಿ ಇದೆ. ಬೊಗಳುವುದಿಲ್ಲ, ತಲೆ ತಗ್ಗಿಸಿ, ಬಾಲ ನೆಟ್ಟಗೆ ಮಾಡಿ, ಕಣ್ಣು ಕೀಲಿಸಿ ಬರುತ್ತೆ. ಬೊಗಳುವ ನಾಯಿಗಿಂತ ಇಂಥದ್ದಕ್ಕೇ ಜಾಸ್ತಿ ಹೆದರಬೇಕು. ಛತ್ರಿಯನ್ನು ಮೊಣಕಾಲಿನ ಮಟ್ಟದಲ್ಲಿ, ಎರಡು ನಾಯಿಗಳ ನಡುವೆ ಬಿಚ್ಚಿದೆ. ಕಂದು ನಾಯಿ ಮುಂಗಾಲು ಊರಿ ಗಕ್ಕನೆ ನಿಂತಿತು. ಚುಕ್ಕಿಗೆ ಅದು ಕಾಣಿಸಲಿಲ್ಲ, ಅದಕ್ಕೆ ಚುಕ್ಕಿ ಕಾಣಿಸಲಿಲ್ಲ. ಓಡದೆ, ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆವು. ಆದರೆ ಇದಕ್ಕೂ ಮೊದಲು ಮನೆಯಲ್ಲಿ ನಮ್ಮ ನಾಯಿಗೆ ಚಪಾತಿ ಚೂರು ಕೊಡುತ್ತಾ ಛತ್ರಿಯ ಸದ್ದು ಅಭ್ಯಾಸ ಮಾಡಿಸಬೇಕು. ಸ್ಕೂಟರ್ ನಿಲ್ಲಿಸಿದ ಫುಟ್‌ಪಾತಿನಲ್ಲಿ ಬಿಚ್ಚೋಕೆ ಜಾಗ ಸಿಗಲ್ಲ, ರಸ್ತೆಗೆ ಇಳೀಬೇಕು. ಮಾರ್ಚ್ ತಿಂಗಳಲ್ಲಿ ವಾಕಿಂಗ್ ಅಂಕಲ್‌ಗಳು "ಮಳೆ ಬರುತ್ತೇನ್ರೀ?" ಅಂತ ಕೇಳ್ತಾರೆ, ಕೇಳಲಿ.

ದಾರಿ ಬದಲಿಸೋದು ಛತ್ರಿಗಿಂತಲೂ ಅಗ್ಗ. ಕಸದ ರಾಶಿ, ಭಾನುವಾರದ ಮಟನ್ ಅಂಗಡಿ, ಕಾರ್ತೀಕದಲ್ಲಿ ಹೆಣ್ಣು ನಾಯಿ ಹಿಂದೆ ಬಿದ್ದ ಗುಂಪು, ಇವು ದೂರದಿಂದ ಕಂಡರೆ ನಾನು ಛತ್ರಿ ನಂಬಿ ಮುಂದೆ ಹೋಗಲ್ಲ.

ಇಷ್ಟಾದರೂ ಹಲ್ಲು ತಾಗಿದರೆ ಸೋಪು ಹಚ್ಚಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಕಚ್ಚಿದ್ದು ಬೀದಿ ನಾಯಿಯೋ ಸಾಕಿದ್ದೋ ಅಂತ ಲೆಕ್ಕ ಹಾಕ್ತಾ ಕೂರಬೇಡಿ.

ಸಾಕಿದ ನಾಯಿಯನ್ನೇ ಬೆಲ್ಟ್ ಇಲ್ಲದೆ ಬಿಟ್ಟು, ಗೇಟಿನಿಂದ "ಏನೂ ಮಾಡಲ್ಲ ಬನ್ನಿ" ಅನ್ನುವವರೂ ಇದ್ದಾರೆ. ಅಲ್ಲಿ ಕೋಲು ಎತ್ತಿದರೆ ಜಗಳ, ಬಿಸ್ಕತ್ತು ಹಾಕಿದರೂ ಜಗಳ. ಛತ್ರಿ ಬಿಚ್ಚಿದರೆ ಮಾತ್ರ ಯಜಮಾನರೇ ಓಡಿ ಬಂದು ನಾಯಿ ಹಿಡಿದುಕೊಳ್ತಾರೆ.