ಕ್ಯಾನ್, ಶಲ್, ಮಸ್ಟ್: ಒಂದು ಧ್ವನಿಪಾಠಮಾಲೆಯ ವಿಮರ್ಶೆ

ಇಂಗ್ಲಿಷಿನ ಮೋಡಲ್ ಕ್ರಿಯಾಪದಗಳ (ಸಾಮರ್ಥ್ಯ, ಹೊಣೆ, ಸಾಧ್ಯತೆಗಳನ್ನು ಸೂಚಿಸುವ 'ಕ್ಯಾನ್', 'ಮಸ್ಟ್'ನಂಥ ಸಹಾಯಕ ಕ್ರಿಯಾಪದಗಳ) ಚರಿತ್ರೆಯನ್ನು ಹೇಳುವ ಈ ಧ್ವನಿಪಾಠಮಾಲೆಗೆ ನಾನು ಹಣ ತೆತ್ತದ್ದು ಒಂದೇ ಪ್ರಶ್ನೆಗಾಗಿ. ಉಳಿದ ಕ್ರಿಯಾಪದಗಳು 'ಹಿ' ಎಂಬ ಕರ್ತೃವಿನ ಮುಂದೆ ಕೊನೆಗೊಂದು 'ಸ್' ಹಚ್ಚಿಕೊಳ್ಳುವಾಗ, 'ಕ್ಯಾನ್' ಮಾತ್ರ ಏಕೆ ಬರಿದಾಗಿ ನಿಲ್ಲುತ್ತದೆ? ಶಾಲೆಯಲ್ಲಿ ಅಪವಾದವೆಂದು ಬಾಯಿಪಾಠ ಮಾಡಿದ್ದ ಈ ಸಂಗತಿ ಅಪವಾದವೇ ಅಲ್ಲವೆಂದು ಎರಡನೆಯ ಪಾಠ ತೋರಿಸಿಕೊಟ್ಟಿತು. ಈ ಗುಂಪಿನ ಹೆಚ್ಚಿನ ಪದಗಳಲ್ಲಿ ಇಂಗ್ಲಿಷ್ ಹುಟ್ಟುವ ಮೊದಲೇ ಭೂತಕಾಲದ ರೂಪ ವರ್ತಮಾನದ ಅರ್ಥವನ್ನು ತಾಳಿತ್ತು. ಭೂತಕಾಲದ ರೂಪಕ್ಕೆ ಆ ಪ್ರತ್ಯಯದ ಹಂಗಿಲ್ಲ. 'ವಿಲ್' ಮಾತ್ರ ಬೇರೆ ಮೂಲದಿಂದ ಬಂದು ಈ ಗುಂಪನ್ನು ಸೇರಿಕೊಂಡಿದೆ.

ಪಾಠಮಾಲೆಯ ತಿರುಳಿರುವುದು ಬಿಡಿ ಪದಗಳ ವಿವರಣೆಯಲ್ಲಿ. ಹಳೆಯ ಇಂಗ್ಲಿಷಿನಲ್ಲಿ 'ಕ್ಯಾನ್' ಎಂದರೆ ತಿಳಿದಿರುವುದು, 'ಶಲ್' ಎಂದರೆ ಸಾಲ ಅಥವಾ ಹೊಣೆ ತಲೆಯ ಮೇಲಿರುವುದು, 'ಮೇ' ಎಂದರೆ ಶಕ್ತನಾಗಿರುವುದು. ತಿಳಿವು ಸಾಮರ್ಥ್ಯವಾಗಿ ಬದಲಾದದ್ದು ನಮಗೇನೂ ಹೊಸತಲ್ಲ. 'ಬಲ್ಲೆ' ಎಂಬುದು 'ಮಾಡಬಲ್ಲೆ' ಆದದ್ದೂ ಇದೇ ಜಾಡಿನಲ್ಲಿ. 'ಕುಡ್' ಪದದ ಬರಹದಲ್ಲಿ ಕಾಣುವ, ಉಚ್ಚಾರದಲ್ಲಿ ಕೇಳಿಸದ 'ಲ'ಕಾರವು 'ಶುಡ್', 'ವುಡ್'ಗಳನ್ನು ನೋಡಿ ತುರುಕಿದ್ದೆಂಬುದನ್ನು ಕೇಳಿ ನಗು ಬಂತು. 'ಮಸ್ಟ್' ಕಥೆ ಇನ್ನೂ ಸ್ವಾರಸ್ಯಕರ: ಆಗಲೇ ಒಮ್ಮೆ ವರ್ತಮಾನಕ್ಕೆ ಸರಿದಿದ್ದ 'ಮೋಟ್' ತನಗಾಗಿ 'ಮೋಸ್ಟೆ' ಎಂಬ ಹೊಸ ಭೂತಕಾಲವನ್ನು ಕಟ್ಟಿಕೊಂಡಿತು; ಅದೂ ಕ್ರಮೇಣ ವರ್ತಮಾನಕ್ಕೆ ಸರಿದು 'ಮಸ್ಟ್' ಆಯಿತು.

ವಾಕ್ಯರಚನೆಯ ಭಾಗ ಇಷ್ಟು ಎಚ್ಚರದಿಂದ ಸಿದ್ಧವಾಗಿಲ್ಲ. 'ಕ್ಯಾನ್'ಗೆ ಸಮನಾದ ಜರ್ಮನ್ನಿನ 'ಕೋನೆನ್' ಇಂದಿಗೂ ಪೂರ್ಣ ಕ್ರಿಯಾಪದವಾಗಿ ಉಳಿದಿರುವಾಗ ಇಂಗ್ಲಿಷ್ 'ಟು ಕ್ಯಾನ್' ಎಂಬ ರೂಪವನ್ನು ಏಕೆ ಕಳೆದುಕೊಂಡಿತೆಂಬುದಕ್ಕೆ 1979ರಲ್ಲಿ ಭಾಷಾವಿಜ್ಞಾನಿ ಡೇವಿಡ್ ಲೈಟ್‌ಫುಟ್ ಮಂಡಿಸಿದ ವಾದವೊಂದನ್ನೇ ಕೊನೆಯ ಮಾತೆಂಬಂತೆ ಒಪ್ಪಿಸಲಾಗಿದೆ. ಈ ಪದಗಳು 16ನೆಯ ಶತಮಾನದಲ್ಲಿ ಒಮ್ಮೆಗೇ ಬೇರೆ ವರ್ಗವಾದವೆಂಬ ಆ ವಾದವನ್ನು ಅನಂತರದ ಹಲವು ವಿದ್ವಾಂಸರು ಒಪ್ಪಿಲ್ಲ. ಬದಲಾವಣೆ ಒಂದೊಂದು ಪದದಲ್ಲಿ ಒಂದೊಂದು ವೇಗದಲ್ಲಿ ನಡೆಯಿತೆಂಬ ಅವರ ಆಕ್ಷೇಪಕ್ಕೆ ಇಲ್ಲಿ ಒಂದು ವಾಕ್ಯವೂ ಮೀಸಲಾಗಿಲ್ಲ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಎರಡು ಮೋಡಲ್‌ಗಳು ಒಟ್ಟಿಗೆ ಬರುವುದನ್ನಾದರೂ ಪ್ರಸ್ತಾಪಿಸಬಹುದಿತ್ತು. 'ಶಲ್', 'ವಿಲ್'ಗಳ ಬಳಕೆಗೆ 1653ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ಜಾನ್ ವಾಲಿಸ್ ವಿಧಿಸಿದ ನಿಯಮದ ಚರ್ಚೆ ಮಾತ್ರ ಸಮರ್ಪಕವಾಗಿದೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಜೊತೆಗೆ ಪಠ್ಯಪ್ರತಿ ಇಲ್ಲದಿರುವುದು. ಇಂದಿನ ಇಂಗ್ಲಿಷಿನಲ್ಲಿಲ್ಲದ ಅಕ್ಷರಗಳಿರುವ ಪದಗಳನ್ನು ಕಿವಿಯಿಂದಷ್ಟೇ ಹಿಡಿಯಬೇಕಾಗಿ ಬಂದುದರಿಂದ, ಮೂರನೆಯ ಪಾಠವನ್ನು ನಿಘಂಟು ತೆರೆದಿಟ್ಟುಕೊಂಡು ಎರಡು ಬಾರಿ ಕೇಳಬೇಕಾಯಿತು.